ಕಟ್ಟರ್ ಬದಲಾದರೂ ಸೊನ್ನೆ ಬದಲಾಗಬಾರದು

ನಾನು ಮಿಲ್ಲಿಂಗ್ ಕೆಲಸದವನು ಎಂದರೆ, ‘ಹಿಟ್ಟಿನ ಗಿರಣಿಯೇ?’ ಎಂದು ಕೇಳುವವರಿದ್ದಾರೆ. ಗಿರಣಿಯಲ್ಲ. ಮಾಗಡಿ ರಸ್ತೆಯಿಂದ ಕಾಮಾಕ್ಷಿಪಾಳ್ಯದ ಗಲ್ಲಿಗಳಿಗೆ ತಿರುಗಿದರೆ ಸಾಲುಸಾಲು ಶೆಡ್ಡುಗಳು ಸಿಗುತ್ತವೆ. ಅಂಥದೊಂದು ಶೆಡ್ಡಿನಲ್ಲಿ, ಗರಗರ ತಿರುಗುವ ಕಟ್ಟರ್‌ನಿಂದ ಲೋಹದ ತುಂಡುಗಳನ್ನು ಬೇಕಾದ ಆಕಾರಕ್ಕೆ ಕೆತ್ತುವುದು ನನ್ನ ಕಸುಬಾಗಿತ್ತು. ಬಸವೇಶ್ವರನಗರದ ಮನೆಯಿಂದ ಸೈಕಲ್ ತುಳಿದು 30 ವರ್ಷ ಆ ಕೆಲಸಕ್ಕೆ ಹೋಗಿಬಂದೆ.

ಅಜ್ಜ–ಅಜ್ಜಿಯರಿಗೆ ಎಚ್‌ಎಂಟಿ ಎಂದರೆ ದಿನಾ ಕೀಲಿ ಕೊಡುತ್ತಿದ್ದ ಕೈಗಡಿಯಾರ. ಆದರೆ ಆ ಹೆಸರು ಹಿಂದೂಸ್ತಾನ್ ಮಷೀನ್ ಟೂಲ್ಸ್ ಎಂಬುದರ ಚುಟುಕು ರೂಪ. 1953ರಲ್ಲಿ ಆರಂಭವಾದ ಆ ಸಂಸ್ಥೆ ಜಾಲಹಳ್ಳಿಯಲ್ಲಿ ಗಡಿಯಾರಕ್ಕಿಂತ ಮೊದಲು ತಯಾರಿಸಿದ್ದು ಯಂತ್ರಗಳನ್ನು ಮಾಡುವ ಯಂತ್ರಗಳನ್ನು. ನಮ್ಮ ಪಶ್ಚಿಮ ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ಅನ್ನ ಬೆಂದದ್ದು ಇಂಥ ಯಂತ್ರಗಳ ದುಡಿಮೆಯಿಂದ.

ಮಿಲ್ಲಿಂಗ್‌ನಲ್ಲಿ ಒಂದೇ ಕಟ್ಟರ್‌ನಿಂದ ಕೆಲಸ ಮುಗಿಯುವುದಿಲ್ಲ. ಮೇಲ್ಮೈ ಸಮ ಮಾಡಲು ಅಗಲವಾದದ್ದು, ಗುಳಿ ತೆಗೆಯಲು ಸಣ್ಣದು ಬೇಕು. ಮೊಂಡಾದರೆ ಇನ್ನೊಂದನ್ನು ಹಾಕಬೇಕು. ಕೈಯಿಂದ ಹೀಗೆ ಬದಲಿಸುವಾಗಲೇ ತೊಂದರೆ ಶುರು. ಹೊಸ ಕಟ್ಟರ್ ಹಳೆಯದಕ್ಕಿಂತ ಕೂದಲೆಳೆಯಷ್ಟು ಕೆಳಗೆ ಚಾಚಿಕೊಂಡರೂ ಸಾಕು, ಗುಳಿ ಅಷ್ಟೇ ಹೆಚ್ಚು ಆಳವಾಗುತ್ತದೆ.

ಮಕ್ಕಳೇ, ಇದನ್ನು ನೀವು ಜಾಮಿಟ್ರಿ ಬಾಕ್ಸ್‌ನಲ್ಲೇ ನೋಡಬಹುದು. ಕೈವಾರದಲ್ಲಿ ಅರ್ಧ ವೃತ್ತ ಎಳೆದಾಗ ಪೆನ್ಸಿಲ್ ಮೊನೆ ಮುರಿಯಿತು ಎನ್ನಿ. ಬೇರೆ ಪೆನ್ಸಿಲ್ ಸಿಕ್ಕಿಸಿ ಹಾಗೇ ಮುಂದುವರಿಸಿದರೆ ವೃತ್ತದ ಎರಡು ತುದಿ ಕೂಡುವುದಿಲ್ಲ. ಜಾಣರು ಸೂಜಿಯನ್ನು ಅದೇ ಚುಕ್ಕೆಯ ಮೇಲಿಟ್ಟು, ಹೊಸ ಮೊನೆಯನ್ನು ಹಳೆಯ ಗೆರೆಗೆ ತಾಗಿಸಿ, ಆಮೇಲೆ ಸ್ಕ್ರೂ ಬಿಗಿಯುತ್ತಾರೆ. ಮಿಲ್ಲಿಂಗ್‌ನ ಗುಟ್ಟೂ ಇದೇ.

ನಮ್ಮ ಶೆಡ್ಡಿಗೆ ಒಮ್ಮೆ 40 ಅಲ್ಯೂಮಿನಿಯಂ ಪ್ಲೇಟುಗಳು ಬಂದವು. ಪ್ರತಿಯೊಂದರಲ್ಲೂ 6 ಮಿಲಿಮೀಟರ್ ಆಳದ ಗುಳಿ ಬೇಕು. ಹೆಚ್ಚುಕಡಿಮೆ ಆದರೂ 0.05 ಮಿಲಿಮೀಟರ್ ದಾಟುವಂತಿಲ್ಲ. ಐಟಿಐ ಮುಗಿಸಿ ಹೊಸದಾಗಿ ಸೇರಿದ್ದ ಹುಡುಗನೊಬ್ಬ ರಾತ್ರಿ ಪಾಳಿಯಲ್ಲಿದ್ದ. ಕಟ್ಟರ್ ಮೊಂಡಾಯಿತೆಂದು ಬದಲಿಸಿ, ಡಯಲ್‌ನಲ್ಲಿ ಮೊದಲಿನ ಅಂಕಿಗೇ ತಂದು ಕೆಲಸ ಮುಂದುವರಿಸಿದ. ಬೆಳಿಗ್ಗೆ ಅಳೆದರೆ 11 ಪ್ಲೇಟುಗಳ ಗುಳಿ 6.4 ಮಿಲಿಮೀಟರ್! ಕೆತ್ತಿ ಹೋದ ಲೋಹವನ್ನು ಮತ್ತೆ ಅಂಟಿಸಲಾಗುತ್ತದೆಯೇ? ಆ ವಾರದ ಓವರ್‌ಟೈಮ್ ಹಣ ಅವನ ಕೈಸೇರಲಿಲ್ಲ. ಊರಿಗೆ ಕಳಿಸಲೆಂದು ಅವನು ಎಣಿಸಿಟ್ಟಿದ್ದ ಹಣ ಅದು.

ನಮ್ಮ ಮೇಸ್ತ್ರಿ ಅವನನ್ನು ಬೈಯಲಿಲ್ಲ. ‘ಕಟ್ಟರ್ ಬದಲಾಗಿದ್ದು ಡಯಲ್‌ಗೆ ಗೊತ್ತಾಗುತ್ತೇನೋ ಮಗಾ?’ ಎಂದರು.

‘ಇಲ್ಲಣ್ಣ.’

‘ಹಾಗಾದ್ರೆ ಅದಕ್ಕೆ ಹೇಳೋರು ಯಾರು? ಬಾ ಇಲ್ಲಿ.’

ಒಂದು ಚಿಕ್ಕ ಉಕ್ಕಿನ ಬ್ಲಾಕ್ ತಂದು ಮಷೀನಿನ ಟೇಬಲ್‌ನ ಮೂಲೆಗೆ ಬಿಗಿದರು. ಅದನ್ನು ಯಾವ ಕಟ್ಟರ್ ಕೂಡ ಕೊರೆಯಬಾರದು. ಅಳತೆಗೆ ಮಾತ್ರ ಅದು. ಬ್ಲಾಕನ್ನು ಒರೆಸಿದರು. ಮಷೀನು ನಿಂತಿದೆಯೇ ಎಂದು ನೋಡಿಕೊಂಡು ಬ್ಲಾಕಿನ ಮೇಲೆ ಒಂದು ಚೂರು ಕಾಗದ ಇಟ್ಟರು. ಹಿಡಿ ತಿರುಗಿಸಿ ಟೇಬಲನ್ನು ಮೆಲ್ಲಗೆ ಮೇಲೆತ್ತುತ್ತಾ ಕಾಗದವನ್ನು ಅತ್ತಿತ್ತ ಎಳೆದರು. ಕಾಗದ ತುಸು ಬಿಗಿ ಹಿಡಿದ ಕೂಡಲೇ ನಿಲ್ಲಿಸಿ, ಡಯಲ್‌ನ ಉಂಗುರವನ್ನು ಸೊನ್ನೆಗೆ ತಿರುಗಿಸಿದರು. ಇನ್ನೊಂದು ಕಟ್ಟರ್ ಹಾಕಿ ಅದೇ ಬ್ಲಾಕ್, ಅದೇ ಕಾಗದ, ಮತ್ತೆ ಸೊನ್ನೆ. ಈಗ ಕಟ್ಟರ್ ಉದ್ದವಿರಲಿ, ಗಿಡ್ಡವಿರಲಿ, ಸೊನ್ನೆಯಿಂದ ಅಷ್ಟೇ ಅಂಕಿ ಸರಿಸಿದರೆ ಅಷ್ಟೇ ಆಳ.

ಇನ್ನೆರಡು ಮಾತನ್ನೂ ಹೇಳಿದರು. ಹಿಡಿಯ ಸ್ಕ್ರೂನಲ್ಲಿ ಸ್ವಲ್ಪ ಸಡಿಲ ಇದ್ದೇ ಇರುತ್ತದೆ. ಅದಕ್ಕೆ ಸೊನ್ನೆಗೆ ಯಾವಾಗಲೂ ಒಂದೇ ದಿಕ್ಕಿನಿಂದ ಬರಬೇಕು. ಕಟ್ಟರ್ ಹಿಡಿಯುವ ಕಾಲೆಟ್ ಒಳಗೆ ಲೋಹದ ಒಂದು ಪುಡಿ ಸಿಕ್ಕಿಕೊಂಡಿದ್ದರೂ ಲೆಕ್ಕ ತಪ್ಪುತ್ತದೆ. ಅದಕ್ಕೆ ಮೊದಲು ಒರೆಸಬೇಕು.

ಕಾಗದ ಎಷ್ಟು ದಪ್ಪ? 200 ಪುಟದ ನೋಟ್‌ಬುಕ್‌ನಲ್ಲಿ 100 ಹಾಳೆ. ರಟ್ಟು ಬಿಟ್ಟು ಹಾಳೆಗಳನ್ನಷ್ಟೇ ಒತ್ತಿ ಹಿಡಿದು ಸ್ಕೇಲಿನಲ್ಲಿ ಅಳೆಯಿರಿ. ಸುಮಾರು 8ರಿಂದ 10 ಮಿಲಿಮೀಟರ್ ಬರುತ್ತದೆ. ಅಂದರೆ ಒಂದು ಹಾಳೆ 0.1 ಮಿಲಿಮೀಟರ್‌ನ ಆಸುಪಾಸು. ಎಲ್ಲ ಕಟ್ಟರ್‌ಗೂ ಒಂದೇ ಕಾಗದ ಬಳಸಿದರೆ ಆ ದಪ್ಪ ಎಲ್ಲಕ್ಕೂ ಸಮನಾಗಿ ಸೇರುತ್ತದೆ, ಕಟ್ಟರ್‌ಗಳ ನಡುವೆ ವ್ಯತ್ಯಾಸ ಬರುವುದಿಲ್ಲ.

ಉಳಿದ ಪ್ಲೇಟುಗಳನ್ನು ಮೇಸ್ತ್ರಿ ಆ ಹುಡುಗನಿಗೇ ಒಪ್ಪಿಸಿದರು. ಒಂದೂ ವಾಪಸು ಬರಲಿಲ್ಲ. ಮೊದಲ ಪ್ಲೇಟನ್ನು ಅಳೆಯುವಾಗ ಅವನ ಕೈ ನಡುಗುತ್ತಿತ್ತು. ಹತ್ತನೆಯದಕ್ಕೆ ಬರುವಷ್ಟರಲ್ಲಿ ಹಾಡು ಗುನುಗುತ್ತಿದ್ದ.

ಈಗ ದೊಡ್ಡ ಕಾರ್ಖಾನೆಗಳ ಸಿಎನ್‌ಸಿ ಯಂತ್ರಗಳು ತಾವೇ ಕಟ್ಟರ್ ಬದಲಿಸಿಕೊಳ್ಳುತ್ತವೆ. ಪ್ರತಿ ಕಟ್ಟರ್‌ಗೂ ಪ್ರತ್ಯೇಕ ಹೋಲ್ಡರ್ ಇರುತ್ತದೆ, ಅದರ ಉದ್ದ ಯಂತ್ರದ ನೆನಪಿನಲ್ಲಿರುತ್ತದೆ. ಆದರೆ ಹೋಲ್ಡರ್‌ನಿಂದ ಕಟ್ಟರ್ ತೆಗೆದು ಬೇರೆಯದನ್ನು ಹಾಕಿದರೆ ಆ ನೆನಪು ಸುಳ್ಳಾಗುತ್ತದೆ. ಮತ್ತೆ ಅಳೆದು ಹೇಳಲೇಬೇಕು. ಅಲ್ಲೂ ಅಳೆಯುವ ಮುನ್ನ ಒಬ್ಬರು ಬಟ್ಟೆ ತೆಗೆದುಕೊಂಡು ಧೂಳು ಒರೆಸಬೇಕು.