ಬಣ್ಣ ತೆಗೆದ ಕೂದಲಿನ ಆರೈಕೆ

ನರೆಯನ್ನು ಮರೆಮಾಡಬೇಕೆಂಬ ಆಸೆಯು ಈಗಿನವರ ಹೊಸ ಚೇಷ್ಟೆಯೆಂದು ಹಿರಿಯರು ಮೂಗು ಮುರಿಯುವುದುಂಟು. ಅದು ಸರಿಯಲ್ಲ. ಆರನೆಯ ಶತಮಾನದ ವರಾಹಮಿಹಿರಾಚಾರ್ಯನು ಬೃಹತ್ಸಂಹಿತೆಯ ಗಂಧಯುಕ್ತಿಯೆಂಬ ಅಧ್ಯಾಯವನ್ನು ಆರಂಭಿಸುವುದೇ ಕೇಶರಂಜನದ ವಿಧಿಯಿಂದ. ನರೆತ ತಲೆಗೆ ಹೂವೂ ಗಂಧವೂ ಒಡವೆಯೂ ಒಪ್ಪುವುದಿಲ್ಲವೆಂಬುದು ಆತನ ಮತ. ಹಾರಕದಕ್ಕಿಯನ್ನು ಕಬ್ಬಿಣದ ಪುಡಿಯೊಡನೆ ಹುಳಿನೀರಿನಲ್ಲಿ ಬೇಯಿಸಿ, ಅರೆದು, ತಲೆಗೆ ಹಚ್ಚಿ, ಹಸಿಯೆಲೆಗಳನ್ನು ಸುತ್ತಿಕೊಂಡು ಕುಳಿತಿರಬೇಕು. ಅನಂತರ ನೆಲ್ಲಿಕಾಯಿಯ ಲೇಪ. ಕಡೆಗೆ ಕಬ್ಬಿಣದ ವಾಸನೆ ಹೋಗಲು ಸುಗಂಧ ತೈಲ. ಕಬ್ಬಿಣವೂ ನೆಲ್ಲಿಯ ಒಗರೂ ಕೂಡಿದರೆ ಕಪ್ಪಾಗುವುದೆಂಬುದನ್ನು ಇಂದಿನ ರಸಾಯನಶಾಸ್ತ್ರವೂ ಒಪ್ಪುತ್ತದೆ. ಆದರೆ ಹಚ್ಚಿದ ಬಣ್ಣವು ಬೇಡವಾದರೆ ಮಾಡತಕ್ಕುದೇನೆಂಬುದನ್ನು ಆಚಾರ್ಯನು ಅಲ್ಲಿ ಹೇಳಿಲ್ಲ. ಆ ವಿಷಯದಲ್ಲಿ ನಮ್ಮ ಮನೆಯವರು ಕಂಡುಂಡದ್ದನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶವು.

ನಮ್ಮ ವಾಸವು ಹಾವೇರಿಯಲ್ಲಿ. ಮಗಳನ್ನು ಕೊಟ್ಟಿರುವುದು ಬ್ಯಾಡಗಿಗೆ. ಮಲೆನಾಡಿನಿಂದ ಬಂದ ಏಲಕ್ಕಿಯನ್ನು ಅಂಟುವಾಳದ ನೀರಿನಲ್ಲಿ ತೊಳೆದು ಬೆಳ್ಳಗೆ ಮಾಡುವುದಕ್ಕೆ ಹಾವೇರಿಯು ಹಿಂದಿನ ಕಾಲದಲ್ಲಿ ಹೆಸರಾಗಿದ್ದಿತು. ಇಲ್ಲಿಯ ಏಲಕ್ಕಿ ಮಾಲೆಗಳು ಇಂದಿಗೂ ಪ್ರಸಿದ್ಧವಾಗಿವೆ. ಬ್ಯಾಡಗಿಯ ಮೆಣಸಿನಕಾಯಿಯಾದರೋ ಖಾರಕ್ಕಿಂತ ಕೆಂಪಿಗೇ ಹೆಸರಾದದ್ದು. 2011ರಲ್ಲಿ ಅದಕ್ಕೆ ಭೌಗೋಳಿಕ ಸೂಚಕದ ಮನ್ನಣೆಯೂ ದೊರೆಯಿತು. ಹೀಗೆ ಮಗಳಿಗೆ ಬಿಳುಪಿನ ಊರು ತವರಾಯಿತು, ಬಣ್ಣದ ಊರು ಗಂಡನ ಮನೆಯಾಯಿತು.

ಅವಳಿಗೆ 30 ತುಂಬುವುದರೊಳಗೆ ನರೆಯು ಕಾಣಿಸಿಕೊಂಡಿತು. ಕ್ರೋಧ, ಶೋಕ, ಶ್ರಮಗಳಿಂದ ಪಲಿತವು ಬರುವುದೆಂದು ನಮ್ಮ ವೈದ್ಯಗ್ರಂಥಗಳು ಹೇಳುತ್ತವೆ; ಬಹುಮಟ್ಟಿಗೆ ಅದು ವಂಶದಿಂದ ಬರುವುದೆಂದು ಈಗಿನ ವೈದ್ಯರು ಹೇಳುತ್ತಾರೆ. ನಮ್ಮ ತಾಯಿಯವರಿಗೂ ಹಾಗೆಯೇ ಬೇಗ ನರೆತಿದ್ದಿತು. ಮಗಳು ಅದನ್ನು ಮನಸ್ಸಿಗೆ ಹಚ್ಚಿಕೊಂಡವಳಲ್ಲ. ಆದರೆ ಅವಳ 38ನೆಯ ವಯಸ್ಸಿನಲ್ಲಿ ಮೈದುನನ ನಿಶ್ಚಯದ ದಿನ, ಹೆಣ್ಣಿನ ಕಡೆಯ ಹೆಂಗಸೊಬ್ಬರು ನಮ್ಮ ಅಳಿಯನನ್ನು ತೋರಿಸಿ, “ನೀವು ಇವರ ಅಕ್ಕನವರೇನು?” ಎಂದು ಕೇಳಿಬಿಟ್ಟರು. ಕೇಳಿದವರಿಗೆ ಕೆಟ್ಟ ಬುದ್ಧಿಯಿರಲಿಲ್ಲ. ಮಗಳೂ ನಕ್ಕು ಸುಮ್ಮನಾದಳು. ಆದರೆ ಮದುವೆ ಎಂಟು ದಿನವಿರುವಾಗ ಅಂಗಡಿಯಿಂದ ಕರಿಯ ಬಣ್ಣದ ಪೊಟ್ಟಣವು ಮನೆಗೆ ಬಂದಿತು.

1907ರಲ್ಲಿ ಫ್ರಾನ್ಸ್ ದೇಶದ ಯೂಜೀನ್ ಶುಯೆಲರ್ ಎಂಬ ರಸಾಯನಜ್ಞನು ಕೂದಲ ಬಣ್ಣವನ್ನು ಸಿದ್ಧಗೊಳಿಸಿ ಮಾರಿದಂದಿನಿಂದ ಈ ವ್ಯಾಪಾರವು ಲೋಕವನ್ನೆಲ್ಲ ವ್ಯಾಪಿಸಿದೆ. ಕರಿಯ ಬಣ್ಣಗಳಲ್ಲಿ ಹೆಚ್ಚಿನವುಗಳಲ್ಲಿ ಪ್ಯಾರಾಫೆನಿಲೀನ್ ಡೈಅಮೀನ್ ಎಂಬ ದ್ರವ್ಯವಿರುತ್ತದೆ. ಕರಿಯ ಮದರಂಗಿಯೆಂದು ಮಾರುವ ಪುಡಿಗಳಲ್ಲಿಯೂ ಅನೇಕ ವೇಳೆ ಇರುವುದು ಇದೇ. ಕೆಲವರ ಮೈಗೆ ಇದು ಒಗ್ಗುವುದಿಲ್ಲ. ಮಗಳಿಗೆ ಎರಡನೆಯ ದಿನ ನೆತ್ತಿಯು ತುರಿಸಿ ಕಿವಿಗಳು ಬಾತವು. ಹೇಗೋ ಮದುವೆಯನ್ನು ಕಳೆದಳು. ಆಮೇಲೆ ಆ ಬಣ್ಣವನ್ನು ತಲೆಯಿಂದ ಬಿಡಿಸಿದ ಹೊರತು ಸಮಾಧಾನವಿಲ್ಲವೆಂದು, ಮೊದಲು ಅರಿವೆ ಒಗೆಯುವ ಸೋಡಾ, ಅನಂತರ ನಿಂಬೆರಸ ಹಚ್ಚಿ ಬಿಸಿಲು, ಕಡೆಗೆ ಹೈಡ್ರೋಜನ್ ಪೆರಾಕ್ಸೈಡಿನ ಲೇಪ, ಹೀಗೆ ಒಂದೇ ವಾರದಲ್ಲಿ ಮೂರನ್ನೂ ಮಾಡಿದಳು. ಬಣ್ಣವು ತುಕ್ಕಿನಂತಾಯಿತು, ನಡುವಿನವರೆಗಿದ್ದ ಕೂದಲು ಕತ್ತಾಳೆಯ ನಾರಾಯಿತು. ಬಾಚಣಿಗೆಯಿಟ್ಟರೆ ತುಂಡು ತುಂಡಾಗಿ ಉದುರತೊಡಗಿತು.

ಸುದ್ದಿ ತಿಳಿದು ನಾವು ಬ್ಯಾಡಗಿಗೆ ಹೋಗಿ, ಅವಳನ್ನು ರಾಣೇಬೆನ್ನೂರಿನ ಚರ್ಮವೈದ್ಯೆಯೊಬ್ಬರ ಬಳಿಗೆ ಕರೆದೊಯ್ದೆವು. ಅವರು ಮೊದಲು ನೆತ್ತಿಯ ಉರಿಗೆ ಔಷಧವನ್ನು ಕೊಟ್ಟು, ಅದು ಆರುವವರೆಗೆ ಎಣ್ಣೆಯನ್ನೂ ಸೊಪ್ಪನ್ನೂ ಮುಟ್ಟಿಸಬಾರದೆಂದರು. ಆ ಜಾತಿಯ ಬಣ್ಣವನ್ನು ಜನ್ಮದಲ್ಲಿ ಮತ್ತೆ ಹಚ್ಚಕೂಡದೆಂದೂ ಹೇಳಿದರು. ಕೂದಲಿನ ವಿಷಯದಲ್ಲಿ ಅವರು ಹೇಳಿದ್ದು ಹೀಗೆ: ಕೂದಲಿಗೆ ಜೀವವಿಲ್ಲ, ಜೀವವಿರುವುದು ಬುಡದಲ್ಲಿ. ಗಾಯವು ಮಾಯುವಂತೆ ಕೂದಲು ಮಾಯುವುದಿಲ್ಲ. ಅದರ ಮೇಲೆ ಮನೆಯ ಹಂಚಿನಂತೆ ಹೊದಿಕೆಯುಂಟು. ಸೋಡಾದಂತಹ ಕ್ಷಾರವು ಆ ಹಂಚುಗಳನ್ನು ಎಬ್ಬಿಸುತ್ತದೆ. ಪೆರಾಕ್ಸೈಡು ಒಳಹೊಕ್ಕು ಬಣ್ಣದೊಡನೆ ಕೂದಲನ್ನು ಹಿಡಿದಿಟ್ಟ ಗಂಧಕದ ಕೊಂಡಿಗಳನ್ನೂ ಕಡಿಯುತ್ತದೆ. ಕಡಿದದ್ದನ್ನು ಯಾವ ತೈಲವೂ ಮರಳಿ ಕೂಡಿಸಲಾರದು. ಇರುವುದನ್ನು ಕಾಪಾಡುತ್ತ, ಬುಡದಿಂದ ಹೊಸದು ಬರುವುದನ್ನು ಕಾಯುತ್ತ, ತುದಿಯನ್ನು ಕತ್ತರಿಸುತ್ತ ಬರುವುದೊಂದೇ ದಾರಿ. ಬಿತ್ತನೆಯ ಬೀಜಕ್ಕೆ ಹೆಸರಾದ ಊರಿನಲ್ಲಿ ಕೇಳತಕ್ಕ ಮಾತೇ ಅದು.

ಮನೆಯಲ್ಲಿ ನಡೆದ ಆರೈಕೆಯು ಇಂತಿದೆ. ತಲೆಸ್ನಾನವು ವಾರಕ್ಕೆ ಒಂದೇ ಸಲ. ಹಿಂದಿನ ರಾತ್ರಿ ಎರಡು ಚಮಚ ಕೊಬ್ಬರಿ ಎಣ್ಣೆಯನ್ನು ಕೂದಲಿನ ಉದ್ದಕ್ಕೂ ಸವರುವುದು. ಇದು ಬರಿಯ ಅಜ್ಜಿಯ ಮಾತಲ್ಲ. 2003ರಲ್ಲಿ ಪ್ರಕಟವಾದ ರೇಲೆ ಮತ್ತು ಮೊಹಿಲೆಯವರ ಸಂಶೋಧನೆಯಲ್ಲಿ, ಕೊಬ್ಬರಿ ಎಣ್ಣೆಯು ಕೂದಲಿನೊಳಕ್ಕೆ ಇಳಿದು, ತೊಳೆಯುವಾಗ ಆಗುವ ಪ್ರೋಟೀನಿನ ನಷ್ಟವನ್ನು ತಗ್ಗಿಸುವುದೆಂದೂ, ಸೂರ್ಯಕಾಂತಿ ಎಣ್ಣೆಗೂ ಖನಿಜ ತೈಲಕ್ಕೂ ಆ ಗುಣವಿಲ್ಲವೆಂದೂ ಕಂಡುಬಂದಿತು. ತೊಳೆಯಲು ಸಾಬೂನು ಕೂಡದು, ಏಕೆಂದರೆ ಅದೂ ಕ್ಷಾರವೇ. ಕೊಳವೆಬಾವಿಯ ಗಡಸು ನೀರಿನಲ್ಲಿ ಅದು ಜಿಗುಟಾಗಿ ಕೂದಲಿಗೆ ಅಂಟಿಕೊಳ್ಳುವುದು ಬೇರೆ. ಸೀಗೆಪುಡಿಯನ್ನು ನೆನೆಯಿಸಿ, ಅರಿವೆಯಲ್ಲಿ ಸೋಸಿದ ತಿಳಿಯನ್ನು ಮಾತ್ರ ಬಳಸಬೇಕು. ತರಿಯು ಎದ್ದ ಹಂಚುಗಳನ್ನು ಮತ್ತಷ್ಟು ಉಜ್ಜುತ್ತದೆ. ಆಮೇಲೆ ಹತ್ತು ಹನ್ನೆರಡು ದಾಸವಾಳದ ಎಲೆಗಳನ್ನು ನೀರಿನಲ್ಲಿ ಕಿವುಚಿ ತೆಗೆದ ಲೋಳೆಯನ್ನು ಸವರಿ, ಕಾಲು ಗಂಟೆ ಬಿಟ್ಟು ತೊಳೆಯುವುದು. ಲೋಳೆಯು ಕೂದಲನ್ನು ಜೋಡಿಸುವುದಿಲ್ಲ. ಅದರ ಮೇಲೆ ತೆಳುವಾದ ಪದರವಾಗಿ ನಿಂತು ಸಿಕ್ಕು ಬಿಡಿಸುವುದನ್ನು ಸುಲಭಮಾಡುತ್ತದೆ. ಅಂಗಡಿಯ ಕಂಡಿಷನರ್ ಮಾಡುವ ಕೆಲಸವೂ ಅಂತಹದೇ. ಬಿಡುವಿಲ್ಲದ ವಾರ ಮಗಳು ಅದನ್ನೇ ಹಚ್ಚುವಳು. ಒದ್ದೆಯ ಕೂದಲು ಬಲು ದುರ್ಬಲವಾದುದರಿಂದ, ಅರ್ಧ ಆರಿದ ಮೇಲೆ ಅಗಲ ಹಲ್ಲಿನ ಬಾಚಣಿಗೆಯಿಂದ ತುದಿಯಲ್ಲಿ ಮೊದಲುಮಾಡಿ ಮೇಲಕ್ಕೆ ಬಿಡಿಸುತ್ತ ಹೋಗಬೇಕು. ಬಿಸಿಲಿಗೆ ಹೋಗುವಾಗ ತಲೆಯ ಮೇಲೆ ಸೆರಗು. ಬಿಸಿಲಿಗೆ ಬಣ್ಣ ಮಾಸದಂತೆ ಮೆಣಸಿನಕಾಯಿಯನ್ನು ಶೀತಗೃಹಗಳಲ್ಲಿಡುವ ಊರಿನವರಿಗೆ ಇದನ್ನು ಹೆಚ್ಚಾಗಿ ಹೇಳಬೇಕಾಗಲಿಲ್ಲ.

ಕಷ್ಟವಾದದ್ದು ಕತ್ತರಿಯ ವಿಷಯ. “ಮುತ್ತೈದೆಯ ತಲೆಗೆ ಕತ್ತರಿ ಹಚ್ಚಬಾರದರೀ, ಬೀಗರೇ” ಎಂದು ಬೀಗಿತ್ತಿಯವರು ಖಂಡಿತವಾಗಿ ಹೇಳಿದರು. ಸಂಸ್ಕೃತ ಓದಿದ ನಾವು ಒಂದು ಶ್ಲೋಕವನ್ನು ಹೇಳಿ ಅವರ ಬಾಯಿ ಮುಚ್ಚಿಸುವೆವೆಂದು ಅಳಿಯನು ಎದುರುನೋಡಿದನು. ನಾವು ಹಾಗೆ ಮಾಡಲಿಲ್ಲ. ಅವರದು ಶಾಸ್ತ್ರದ ಮಾತಲ್ಲ, ಭಯದ ಮಾತು. ಅವರ ಬಾಲ್ಯದಲ್ಲಿ ತಲೆಗೆ ಕತ್ತರಿ ತಗುಲಿದ ಹೆಂಗಸೆಂದರೆ ಗಂಡನನ್ನು ಕಳೆದುಕೊಂಡವಳು. ಇಲ್ಲಿ ಆ ಗಂಡನು ಅವರ ಮಗನು. ಭಯಕ್ಕೆ ಶ್ಲೋಕವು ಉತ್ತರವಲ್ಲ.

ಒಂದು ತಿಂಗಳು ಹೀಗೆಯೇ ನಡೆಯಿತು. ಸೊಸೆಯ ಸಿಕ್ಕು ಬಿಡಿಸಲು ದಿನವೂ ಕುಳಿತುಕೊಳ್ಳುತ್ತಿದ್ದವರು ಬೀಗಿತ್ತಿಯವರೇ. ದಿನವೂ ಅವರ ಮಡಿಲಿನಲ್ಲಿ ಮುರಿದ ತುಂಡುಗಳು ರಾಶಿಯಾಗುತ್ತಿದ್ದವು. ಒಂದು ಸಂಜೆ ಅವರೇ, “ಹೀಗೆ ಮುರಿಯುವುದಕ್ಕಿಂತ ನಾನೇ ಕತ್ತರಿಸುತ್ತೇನೆ, ಆದರೆ ಮಂಗಳವಾರ, ಶುಕ್ರವಾರ, ಅಮಾವಾಸ್ಯೆ ಬೇಡ” ಎಂದರು. ಮಗಳು ಮರುಮಾತಾಡದೆ ಒಪ್ಪಿದಳು. ಅಂದಿನಿಂದ ಎರಡು ತಿಂಗಳಿಗೊಮ್ಮೆ, ಪಂಚಾಂಗವನ್ನು ನೋಡಿ, ಎರಡು ಬೆರಳಿನಷ್ಟು.

ಕೂದಲು ಬೆಳೆಯುವುದು ತಿಂಗಳಿಗೆ ಸುಮಾರು 1 ಸೆಂಟಿಮೀಟರು. ನಡುವಿನವರೆಗೆ 60 ಸೆಂಟಿಮೀಟರು ಹೊಸದಾಗಿ ಬರಬೇಕಾದರೆ 5 ವರ್ಷಗಳು ಬೇಕು. ವಾರದಲ್ಲಿ ರೇಷ್ಮೆಯಾಗುವುದೆಂದು ಹೇಳುವವರ ಮಾತನ್ನು ಗೃಹಿಣಿಯರು ನಂಬದಿರಲಿ. ಪೆರಾಕ್ಸೈಡು ಕಂಡ ಕೂದಲಿನ ಮೇಲೆ ಅವಸರದಿಂದ ಮತ್ತೊಂದು ಬಣ್ಣವನ್ನು ಹಚ್ಚದಿರಲಿ. ಲೋಹದ ಲವಣ ಬೆರೆತ ಮದರಂಗಿ ಪುಡಿಯನ್ನು ಹಚ್ಚಿದ್ದವರು ಅದರ ಮೇಲೆ ಪೆರಾಕ್ಸೈಡನ್ನು ಎಷ್ಟುಮಾತ್ರಕ್ಕೂ ಬಳಸದಿರಲಿ. ಅವೆರಡೂ ಕೂಡಿ ಕಾದು ಕೂದಲನ್ನು ಸುಟ್ಟ ಹಾಗೆ ಮಾಡುವುವು.

ಈಗ 14 ತಿಂಗಳಾಗಿವೆ. ಮಗಳ ತಲೆಯ ಮೇಲೆ ಒಂದು ಗೇಣಿಗೆ ತುಸು ಕಡಿಮೆಯಾಗಿ ಹೊಸ ಕೂದಲು ಬಂದಿದೆ. ಕಪ್ಪೂ ಬಿಳಿಯೂ ಬೆರೆತದ್ದು, ನಮ್ಮ ತಾಯಿಯವರದರಂತೆಯೇ. ಕೆಳಗೆ ತುಕ್ಕಿನ ಬಣ್ಣದ್ದು ಇನ್ನೂ ಉಳಿದಿದೆ. ಕಳೆದ ಸಲ ಹೋದಾಗ, ಯಾರೋ ನೆಂಟರು ಅವಳ ತಲೆಯನ್ನು ನೋಡಿ ಏನೋ ಹೇಳಲು ಬಾಯಿ ತೆರೆದರು. ಬೀಗಿತ್ತಿಯವರು ಎಣ್ಣೆಯ ಬಟ್ಟಲನ್ನು ಕೆಳಗಿಟ್ಟು, “ನಮ್ಮ ಹುಡುಗಿಯ ಕೂದಲು ಈಗ ಬಲವಾಗಿದೆ, ಮುಟ್ಟಿ ನೋಡಿರಿ” ಎಂದರು.