ಜಾರುವ ಸ್ಕೋಪು, ನನ್ನ ತಪ್ಪು ಸುದ್ದಿ

ಕೊಡಗಿನಲ್ಲಿ ಕೈಲ್‌ಪೋಳ್ದ್ ಹಬ್ಬ. ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಯ ಸುದ್ದಿಗೆ ಹೋಗಿದ್ದೆ. ಎಲ್ಲ ಮುಗಿದ ಮೇಲೆ ನಿವೃತ್ತ ಸೈನಿಕರೊಬ್ಬರು ತಮ್ಮ ಹಳೆಯ ಅಮೆರಿಕನ್ ಟಾರ್ಗೆಟ್ ರೈಫಲ್ ತೋರಿಸಿದರು. ಮೇಲೆ ಕೊಳಲಿನಂಥ ಸಪೂರ ಸ್ಕೋಪ್, ಅಂದರೆ ಗುರಿ ನೋಡುವ ದುರ್ಬೀನು. ಮುಟ್ಟಿದರೆ ಹಿಂದೆ ಮುಂದೆ ಜಾರುತ್ತಿತ್ತು.

ಯಾಕೆ ಅಂತ ಕೇಳಲಿಲ್ಲ. 'ಸ್ಕೋಪ್ ಸಡಿಲವಾದ ಅಪಾಯಕಾರಿ ಬಂದೂಕು' ಎಂದು ಫೋಟೋ ಸಮೇತ ಕಳಿಸಿಬಿಟ್ಟೆ. ಸುದ್ದಿ ಬಂದ ಮೂರನೇ ದಿನ ಅವರದೇ ಫೋನು. ಬಂದೂಕು ತಂದು ತೋರಿಸಿ ಎಂದು ಠಾಣೆಯಿಂದ ಕರೆ ಬಂದಿತ್ತಂತೆ.

"ಅದು ಜಾರಲೇಬೇಕಪ್ಪಾ. ಒಂದು ಮಾತು ಕೇಳಿದ್ದರೆ ಹೇಳ್ತಿದ್ದೆ."

ಆಮೇಲೆ ಓದಲು ಕೂತೆ. ಓದಬೇಕಾದದ್ದು ಮೊದಲೇ, ಬಿಡಿ.

1840ರ ದಶಕದಲ್ಲಿ ನ್ಯೂಯಾರ್ಕ್ ರಾಜ್ಯದ ಬಂದೂಕು ತಯಾರಕ ಮಾರ್ಗನ್ ಜೇಮ್ಸ್, ಎಂಜಿನಿಯರ್ ಜಾನ್ ಚಾಪ್‌ಮನ್ ಸಲಹೆಯಂತೆ ಸ್ಕೋಪ್ ಮಾಡುತ್ತಿದ್ದ. 1855ರಲ್ಲಿ ಸಿರಾಕ್ಯೂಸ್‌ನ ವಿಲಿಯಂ ಮಾಲ್ಕಮ್ ಶುರು ಮಾಡಿದ. ಅವನ ಮಸೂರಗಳಲ್ಲಿ ಚಿತ್ರದ ಅಂಚಿಗೆ ಬಣ್ಣ ಕಾಣುತ್ತಿರಲಿಲ್ಲ. ಆ ಕಾಲದ ಸ್ಕೋಪಿನ ಕೊಳವೆ ಬಂದೂಕಿನ ನಳಿಗೆಯಷ್ಟೇ ಉದ್ದ. ಒಳಗಿನ ಅಡ್ಡಗೆರೆಗೆ ಜೇಡರ ನೂಲನ್ನೂ ಬಳಸುತ್ತಿದ್ದರು!

ನಿಜವಾದ ಜಾಣತನ ಮಾತ್ರ ಸ್ಕೋಪ್ ಕೂರಿಸುವ ಮೌಂಟ್‌ನಲ್ಲಿತ್ತು. ಈಗಿನ ಸ್ಕೋಪಿನಲ್ಲಿ ತಿರುಪು ತಿರುಗಿಸಿದರೆ ಒಳಗಿನ ಭಾಗ ಸರಿಯುತ್ತದೆ. ಆಗ ಇಡೀ ಕೊಳವೆಯೇ ಸರಿಯಬೇಕು. ಮುಂದಿನ ಮೌಂಟ್‌ನಲ್ಲಿ ಕೊಳವೆ ಆನಿಕೊಂಡಿರುತ್ತದೆ. ಹಿಂದಿನದರಲ್ಲಿ ಎರಡು ತಿರುಪು, ಒಂದು ಮೇಲೆ ಕೆಳಗೆ, ಇನ್ನೊಂದು ಅಕ್ಕಪಕ್ಕ. ಎದುರಿನಿಂದ ಸ್ಪ್ರಿಂಗ್ ಒತ್ತಿ ಹಿಡಿದಿರುತ್ತದೆ. ಎರಡು ಮೌಂಟ್‌ಗಳ ನಡುವೆ 7.2 ಇಂಚು ಇದ್ದರೆ, ತಿರುಪಿನ ಒಂದು 'ಟಿಕ್'ಗೆ ಕೊಳವೆ ಸರಿಯುವುದು ಇಂಚಿನ 2,000ದಲ್ಲಿ ಒಂದು ಭಾಗ. 100 ಗಜ ದೂರದಲ್ಲಿ ಗುಂಡು ಬೀಳುವ ಜಾಗ ಸರಿಯಾಗಿ ಕಾಲು ಇಂಚು ಬದಲಾಗುತ್ತದೆ.

ಇನ್ನು ಜಾರುವುದು. ನಿಂತ ಬಸ್ಸು ದಿಢೀರನೆ ಹೊರಟರೆ ಒಳಗೆ ನಿಂತವರು ಹಿಂದಕ್ಕೆ ವಾಲುತ್ತಾರಲ್ಲ, ಹಾಗೆಯೇ. ಗುಂಡು ಹಾರಿದಾಗ ಬಂದೂಕು ಹಿಂದಕ್ಕೆ ಒದೆಯುತ್ತದೆ, ಕೊಳವೆ ಇದ್ದಲ್ಲೇ ಉಳಿಯಲು ನೋಡುತ್ತದೆ. ಬಿಗಿಯಾಗಿ ಕಟ್ಟಿದ್ದರೆ ಆ ಪೆಟ್ಟೆಲ್ಲ ಮಸೂರಕ್ಕೆ, ತಿರುಪಿಗೆ. ಅದಕ್ಕೇ ಜಾರಲು ಬಿಟ್ಟು, ಪ್ರತಿ ಗುಂಡಿನ ನಂತರ ಕೈಯಿಂದ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದರು. ಜಾನ್ ಅನರ್ಟಲ್ 1934ರಲ್ಲಿ ಪಿಟ್ಸ್‌ಬರ್ಗ್‌ನಲ್ಲಿ ಶುರು ಮಾಡಿದ ಕಂಪನಿಯ ಟಾರ್ಗೆಟ್ ಸ್ಕೋಪ್‌ಗಳೂ ಹೀಗೇ ಜಾರುತ್ತಿದ್ದವು.

ತಿದ್ದುಪಡಿ ಹಾಕಿಸಿದೆ. ಎರಡೇ ಸಾಲು, ಒಳಪುಟದಲ್ಲಿ, ಫೋಟೋ ಇಲ್ಲದೆ. ಆ ಪೇಪರ್ ಹಿಡಿದುಕೊಂಡೇ ಅವರ ಮನೆಗೆ ಹೋದೆ. "ತಪ್ಪಾಯ್ತು ಸಾರ್" ಅಂದೆ. ಅವರು ಪೇಪರ್ ಮಡಚಿ ಪಕ್ಕಕ್ಕಿಟ್ಟರು. ಒಳಗಿನಿಂದ ರೈಫಲ್ ತಂದು, ಖಾಲಿ ಇದೆಯೆಂದು ತೆರೆದು ತೋರಿಸಿ, ನನ್ನ ಬೆರಳನ್ನು ತಿರುಪಿನ ಮೇಲಿಟ್ಟರು.

"ನಿಧಾನ ತಿರುಗಿಸು. ಎಣಿಸು."