ಧೂಳು ಹೊಡೆಯುವ ಭಾನುವಾರ

ಯುಗಾದಿಗಿಂತ ಯುಗಾದಿಯ ಹಿಂದಿನ ಭಾನುವಾರವೇ ನನಗೆ ಹೆಚ್ಚು ಇಷ್ಟ. ಹಬ್ಬದ ದಿನ ಯಾರಿಗೆ ಪುರುಸೊತ್ತು, ಹೇಳಿ? ಎಣ್ಣೆನೀರು, ತೋರಣ, ಬೇವು ಬೆಲ್ಲ, ಪಂಚಾಂಗ ಶ್ರವಣ, ಅದರ ನಡುವೆ ಹೂರಣ ರುಬ್ಬಬೇಕು, ಕಣಕ ನಾದಬೇಕು. ಊಟಕ್ಕೆ ಕೂರುವ ಹೊತ್ತಿಗೆ ಮೂರು ಗಂಟೆ. ಧೂಳು ಹೊಡೆಯುವ ಭಾನುವಾರ ಹಾಗಲ್ಲ. ಅಂದು ಯಾರೂ ಬರುವುದಿಲ್ಲ, ನಾವೂ ಎಲ್ಲಿಗೂ ಹೋಗುವುದಿಲ್ಲ. ತಿಂಡಿ ಮುಗಿಯುತ್ತಿದ್ದಂತೆ ನಮ್ಮತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿ, "ಅಟ್ಟದಿಂದ ಶುರು ಮಾಡೋಣ" ಅನ್ನುತ್ತಾರೆ. ಮೇಲಿನ ಧೂಳು ಹೇಗೂ ಕೆಳಗೇ ಬೀಳಬೇಕಲ್ಲ.

ನಮ್ಮದು ಜಯನಗರ. 1948ರಲ್ಲಿ ಶುರುವಾದ ಬಡಾವಣೆ. ಅಗಲ ರಸ್ತೆ, ಸಾಲುಮರ, ಬ್ಲಾಕಿಗೊಂದು ಮೈದಾನ ಅಂತ ಯೋಚಿಸಿ ಕಟ್ಟಿದ್ದು. ನಮ್ಮ ಮನೆ ಅಷ್ಟು ಹಳೆಯದಲ್ಲ, ಆದರೆ ನೆಲ ಮಾತ್ರ ಹಳೆಯ ಕಾಲದ ರೆಡ್ ಆಕ್ಸೈಡಿನದು. ಸಿಮೆಂಟಿಗೆ ಕೆಂಪು ಪುಡಿ ಬೆರೆಸಿ, ಗಾರೆ ಕೆಲಸದವರು ಕರಣೆಯಲ್ಲಿ ತೀಡಿ ತೀಡಿ ಮಾಡುತ್ತಿದ್ದ ನೆಲ. ಒರೆಸಿದಷ್ಟೂ ಹೊಳಪು ಏರುವ ನೆಲ ಇನ್ನೊಂದಿದೆಯೇ? ಬೇಸಿಗೆ ಮಧ್ಯಾಹ್ನ ಇದರ ಮೇಲೆ ಬರಿಮೈಯಲ್ಲಿ ಮಲಗಿದವರಿಗೆ ಹಾಸಿಗೆ ನೆನಪಾಗುವುದಿಲ್ಲ. ಬಾಗಿಲು ತೆರೆದಿಟ್ಟರೆ ಹೊಂಗೆ ಹೂವಿನ ಎಸಳು ಒಳಗೆ ತೂರಿ ಬರುತ್ತದೆ. ಹೊರಗೆ ರಸ್ತೆಯುದ್ದಕ್ಕೂ ಅರಳು ಚೆಲ್ಲಿದಂತೆ ಬಿದ್ದಿರುತ್ತದೆ. ಅದನ್ನು ಗುಡಿಸಲು ನಮ್ಮತ್ತೆ ಬಿಡುವುದಿಲ್ಲ. "ಅದು ಕಸವೇನೇ? ಇರಲಿ ಬಿಡು" ಅನ್ನುತ್ತಾರೆ.

ಅಟ್ಟಕ್ಕೆ ಬರೋಣ. ಮೊದಲು ಇಳಿಯುವುದು ನೀರು ಕಾಯಿಸುತ್ತಿದ್ದ ತಾಮ್ರದ ಹಂಡೆ, ಆಮೇಲೆ ಹಿತ್ತಾಳೆಯ ಕೊಳದಪ್ಪಲೆ. ಕುಕ್ಕರಿಗೆ ಮುಂಚೆ ಮನೆಮಂದಿಗೆಲ್ಲ ಅನ್ನ ಬೆಂದಿದ್ದು ಇದರಲ್ಲೇ. ಇದಕ್ಕೆ ಹುಣಸೆಹಣ್ಣು, ಉಪ್ಪು ಹಚ್ಚಿ ಉಜ್ಜಿದರೆ ಹೊರಗೇನೋ ಬಂಗಾರ, ಒಳಗೆ ಕಲಾಯಿ ಹೋಗಿದೆ. ಕಲಾಯಿ ಹಾಕುವುದನ್ನು ನೀವು ನೋಡಿದ್ದೀರಾ? ಪಾತ್ರೆ ಕಾಯಿಸಿ, ನವಸಾಗರ ಉದುರಿಸಿದರೆ ಬುಸ್ಸೆಂದು ಬಿಳಿ ಹೊಗೆ. ತವರದ ತುಂಡು ತಾಗಿಸಿ ಹತ್ತಿಯಲ್ಲಿ ಸವರಿದರೆ ಕಣ್ಣೆದುರೇ ಒಳಗೆಲ್ಲ ಬೆಳ್ಳಿಬಣ್ಣ. ಅದಿಲ್ಲದೆ ಹುಳಿ ಪದಾರ್ಥ ಮಾಡಿದರೆ ಕಿಲುಬು ಏಳುತ್ತದೆ, ಹೊಟ್ಟೆ ಕೆಡುತ್ತದೆ. ಸಾರಿಗೆ ಈಯದ ಚೊಂಬು ಇಟ್ಟುಕೊಳ್ಳುತ್ತಿದ್ದುದೂ ಅದಕ್ಕೇ. ಅದೂ ತವರವೇ, 232 ಡಿಗ್ರಿಗೆಲ್ಲ ಕರಗಿಬಿಡುತ್ತದೆ. ಒಳಗೆ ನೀರಿರುವವರೆಗೆ ಮಾತ್ರ ಒಲೆಯ ಮೇಲೆ ಅದರ ಬಾಳು. ನಮ್ಮತ್ತೆಯ ಅಕ್ಕ ಒಮ್ಮೆ ಸಾರು ಕುದಿಯಲಿಟ್ಟು ಕಾಂಪೌಂಡಿನ ಹತ್ತಿರ ಪಕ್ಕದ ಮನೆಯವರ ಜೊತೆ ಮಾತಿಗೆ ನಿಂತರಂತೆ. ಒಳಗೆ ಬಂದು ನೋಡಿದರೆ ಸಾರೂ ಇಲ್ಲ, ಚೊಂಬೂ ಇಲ್ಲ! "ಅಷ್ಟು ಹೊತ್ತು ಏನು ಮಾತಾಡಿದರಂತೆ?" ಅಂತ ನಾನು ಪ್ರತಿ ವರ್ಷವೂ ಕೇಳುತ್ತೇನೆ, ಅವರು ಪ್ರತಿ ವರ್ಷವೂ ಬೇರೆ ಬೇರೆ ಹೇಳುತ್ತಾರೆ.

ಪಾತ್ರೆ ಅಂದ ಮೇಲೆ ನೀರು. ನಮ್ಮ ನಲ್ಲಿಗೆ ಬರುವುದು ಕಾವೇರಿ. ಸುಮಾರು ನೂರು ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ ಹಾರೋಹಳ್ಳಿ, ತಾತಗುಣಿಯ ಪಂಪುಗಳನ್ನು ದಾಟಿ, ಕನಕಪುರ ರಸ್ತೆಯ ದಿಕ್ಕಿನಿಂದ ಊರಿಗೆ ಏರಿ ಬರುತ್ತಾಳೆ, 1974ರಿಂದ ಬರುತ್ತಿದ್ದಾಳೆ. ಅಷ್ಟು ದೂರದಿಂದ ಬಂದವಳನ್ನು ಹಂಡೆಯ ಮೇಲೆ ಸುಮ್ಮನೆ ಸುರಿಯಲು ಮನಸ್ಸು ಬರುತ್ತದೆಯೇ? 2024ರ ಬೇಸಿಗೆಯಲ್ಲಂತೂ ಕುಡಿಯುವ ನೀರಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಹೇಳಿತ್ತು. ಆ ವರ್ಷ ಒದ್ದೆ ಬಟ್ಟೆಯಲ್ಲಿ ಒರೆಸಿಯೇ ಧೂಳು ತೆಗೆದೆವು, ಪಾತ್ರೆ ತೊಳೆದ ನೀರು ಕರಿಬೇವಿನ ಗಿಡಕ್ಕೆ ಹೋಯಿತು. ಆ ಅಭ್ಯಾಸ ಇವತ್ತಿಗೂ ಬಿಟ್ಟಿಲ್ಲ, ಬಿಡಬಾರದು ಕೂಡ.

ಅಡುಗೆಮನೆ ಗೂಡಿನ ಸರದಿ ಬಂದಾಗ ಕೆಲಸ ನಿಲ್ಲುವುದು ಖಂಡಿತ. ಯಾಕೆ ಗೊತ್ತೇ? ಡಬ್ಬಗಳ ಕೆಳಗೆ ಹಾಸಿದ ಹಳೇ ಪೇಪರು. ಹೊಸ ಪೇಪರನ್ನು ಹತ್ತು ನಿಮಿಷದಲ್ಲಿ ಮಡಚಿಡುವ ನಮ್ಮ ಯಜಮಾನರು ಹಳೆಯದನ್ನು ಅಕ್ಷರ ಬಿಡದೆ ಓದುತ್ತಾರೆ. ತೊಗರಿಬೇಳೆ ಡಬ್ಬದ ಕೆಳಗೆ ಈ ಸಲ ಸಿಕ್ಕಿದ್ದು 2017ರ ಜೂನ್ ತಿಂಗಳದು, ಯಲಚೇನಹಳ್ಳಿವರೆಗೆ ಹಸಿರು ಮಾರ್ಗದ ಮೆಟ್ರೊ ಶುರುವಾದಾಗಿನದು. "ನೋಡಮ್ಮ, ಜಯನಗರ ಸ್ಟೇಷನ್ನಿನ ಫೋಟೊ!" ಸರಿ, ಶುರುವಾಯಿತು. ನಮ್ಮತ್ತೆ ಬಿ.ಟಿ.ಎಸ್. ಬಸ್ಸಿಗೆ ಕಾದ ಕಾಲಕ್ಕೆ ಹೋದರು, ಅಲ್ಲಿಂದ ಬನಶಂಕರಿ ಗುಡಿಗೆ ನಡೆದೇ ಹೋಗಿ ರಾಹುಕಾಲದಲ್ಲಿ ನಿಂಬೆಹಣ್ಣಿನ ದೀಪ ಹಚ್ಚಿದ್ದಕ್ಕೆ ಬಂದರು. ಇವರು 2025ರ ಆಗಸ್ಟಿನಲ್ಲಿ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ ಹಳದಿ ಮಾರ್ಗ ಬಂದದ್ದನ್ನು ಹೇಳಿದರು. ಬೇಳೆ ಡಬ್ಬ ನನ್ನ ಕೈಯಲ್ಲೇ ಇತ್ತು. ಇರಲಿ, ಇಂಥ ಮಾತಿಗೆ ಬೇರೆ ಯಾವ ದಿನ ಬಿಡುವು?

ಊಟ? "ಹೊರಗಿನಿಂದ ತರಿಸೋಣವೇನೇ?" ಅಂತ ಇವರ ಪ್ರಶ್ನೆ. ಸುತ್ತ ಒಳ್ಳೆಯ ಹೋಟೆಲಿಗೆ ಬರವಿಲ್ಲ, ನಿಜ. ಆದರೆ ಮನೆಯೆಲ್ಲ ಹರವಿಕೊಂಡಿರುವಾಗ ಒಗ್ಗರಣೆಯ ವಾಸನೆ ಎದ್ದರೇನೇ ಅದು ಮನೆ ಅನ್ನುವುದು ನನ್ನ ನಂಬಿಕೆ. ಅದಕ್ಕೆಂದೇ ಗೊಜ್ಜವಲಕ್ಕಿ ಇದೆ. ಗಟ್ಟಿ ಅವಲಕ್ಕಿಯನ್ನು ಮಿಕ್ಸಿಯಲ್ಲಿ ತರಿತರಿಯಾಗಿ ಒಡೆದು, ಹುಣಸೆರಸಕ್ಕೆ ಬೆಲ್ಲ, ಉಪ್ಪು, ಸಾರಿನ ಪುಡಿ ಬೆರೆಸಿ ಅದರಲ್ಲಿ ನೆನೆಹಾಕಿಬಿಡಿ. ನೀವು ಒಂದು ಗೂಡು ಒರೆಸುವಷ್ಟರಲ್ಲಿ ಅದು ತಾನೇ ಹುಳಿ ಕುಡಿದು ಅರಳಿರುತ್ತದೆ. ಸಾಸಿವೆ, ಕಡಲೆಕಾಯಿ ಬೀಜ, ಇಂಗು, ಧಾರಾಳವಾಗಿ ಕರಿಬೇವು, ಮೇಲೆ ಕೊಬ್ಬರಿ ತುರಿ. ಪಕ್ಕದಲ್ಲಿ ಗಟ್ಟಿ ಮೊಸರು, ಹೊಸ ಮಾವಿನಕಾಯಿಯ ಹೋಳಿಗೆ ಉಪ್ಪು ಖಾರ. ಕಲ್ಲಹಳ್ಳಿಯ ಅರಸು ಮೂರನೆಯ ಮಂಗರಸ ಐನೂರು ವರ್ಷಗಳ ಹಿಂದೆ 'ಸೂಪಶಾಸ್ತ್ರ' ಅಂತ ಅಡುಗೆಯ ಬಗ್ಗೆಯೇ ಒಂದು ಕಾವ್ಯ ಬರೆದ; ಬದನೆಕಾಯಿ, ಬಾಳೆಕಾಯಿಯನ್ನೆಲ್ಲ ಷಟ್ಪದಿಯಲ್ಲಿ ಕೂರಿಸಿದ. ನೆಲದ ಮೇಲೆ ಕಾಲು ಚಾಚಿಕೊಂಡು, ತಟ್ಟೆ ತೊಡೆಯ ಮೇಲಿಟ್ಟುಕೊಂಡು ತಿನ್ನುವಾಗ ಅನ್ನಿಸುತ್ತದೆ, ಇದಕ್ಕೂ ಒಂದು ಪದ್ಯ ಸಲ್ಲಬೇಕು.

ಮಧ್ಯಾಹ್ನದ ಮೇಲೆ ವಿಂಗಡಣೆ. 2012ರಲ್ಲಿ ಹಸಿ ಕಸ, ಒಣ ಕಸ ಬೇರೆ ಮಾಡುವುದು ಕಡ್ಡಾಯವಾದಾಗಿನಿಂದ ನಮ್ಮ ಮನೆಯಲ್ಲಿ ಮೂರನೆಯದೊಂದು ರಾಶಿಯೂ ಇದೆ: ಕಸವಲ್ಲದ್ದು. ಅದೇ ಎಲ್ಲಕ್ಕಿಂತ ದೊಡ್ಡದು. ಬಿ.ಟಿ.ಎಂ. ಲೇಔಟಿನಿಂದ ಸಂಜೆ ಕಾಫಿಗೆ ಬಂದ ನಾದಿನಿಯ ಮಗ ಕೊಳದಪ್ಪಲೆ ಎತ್ತಿ ನೋಡಿ, "ಅಜ್ಜಿ, ಇದನ್ನ ನನಗೆ ಕೊಡ್ತೀರಾ? ಬಾಲ್ಕನಿಯಲ್ಲಿ ಗಿಡ ಇಡೋಕೆ ಚೆನ್ನಾಗಿರುತ್ತೆ" ಅಂದ.

"ಗಿಡಕ್ಕೆ ಮಣ್ಣಿನ ಕುಂಡ ತಗೊಳ್ಳೋ ಮಗು. ಅನ್ನ ಮಾಡೋದಾದರೆ ಈಗಲೇ ಕೊಡ್ತೀನಿ" ಅಂದರು ನಮ್ಮತ್ತೆ.

ಅವನು ಸ್ವಲ್ಪ ಯೋಚಿಸಿ, "ಮಾಡ್ತೀನಿ, ಹೇಳಿಕೊಡಿ" ಅಂದ. ಆದರೆ ಅದಕ್ಕೆ ಮೊದಲು ಕಲಾಯಿ ಆಗಬೇಕಲ್ಲ? ಹಬ್ಬದೊಳಗೆ ಪೇಟೆ ಕಡೆ ಹೋಗಿ ಕಲಾಯಿಯವರನ್ನು ಹುಡುಕುವ ಕೆಲಸ ಮಾವ ಸೋದರಳಿಯ ಇಬ್ಬರ ಪಾಲಿಗೆ ಬಂತು.